ಈಶಾನ್ಯಕ್ಕೆ ಹರಿಸಿದ ಚರಂಡಿ

ಹೊಸ ಬಡಾವಣೆ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಚರಂಡಿಗೆ. ಮನೆ ಎಷ್ಟು ಅಂತಸ್ತು, ಗೇಟಿಗೆ ಯಾವ ಬಣ್ಣ, ಅದೆಲ್ಲ ನನಗೆ ಬೇಡ. ನಿಂತ ನೀರು ಕಂಡರೆ ಮಾತ್ರ ಮೈ ಉರಿಯುತ್ತದೆ. ಸಂಜೆ ಜೊತೆಗೆ ನಡೆಯಲು ಬರುವ ಹೆಂಡತಿ, 'ರಿಟೈರ್ ಆದ್ರೂ ಮೋರಿ ನೋಡೋದು ಬಿಡಲಿಲ್ಲವಲ್ಲ ನೀವು' ಅಂತ ಗೊಣಗುತ್ತಾಳೆ. ಏನು ಮಾಡಲಿ? ಮಂಡ್ಯ, ಮದ್ದೂರು, ಮಳವಳ್ಳಿ ಅಂತ ಸುತ್ತಿ, ಬಡಾವಣೆಗಳ ರಸ್ತೆ ಚರಂಡಿ ಅಳೆದು ಸಹಿ ಹಾಕಿಯೇ ಅನ್ನ ತಿಂದವನು ನಾನು.

ಅದೊಂದು ಚೆಂದದ ಕಾಲ. ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸು ಹತ್ತಿದರೆ, ಗೆಜ್ಜಲಗೆರೆಯ ತನಕ ಫ್ಯಾಕ್ಟರಿ ಕೆಲಸದವರ ನೂಕಾಟದ ನಡುವೆ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ಪೆಟ್ಟಿಗೆಯನ್ನು ತೊಡೆ ಮೇಲೆ ಮಗುವಿನ ಹಾಗೆ ಹಿಡಿದು ಕೂರುತ್ತಿದ್ದೆ. ಅವರೆಲ್ಲ ಇಳಿದ ಮೇಲೆ ಬಸ್ಸು ಹಗುರಾಗುತ್ತಿತ್ತು. ಕಿಟಕಿಯಿಂದ ಯಾವುದೋ ಆಲೆಮನೆಯ ಬೆಲ್ಲದ ವಾಸನೆ ಬರುತ್ತಿತ್ತು. ಸೈಟಿನಲ್ಲಿ ಇಳಿದರೆ ಸುಣ್ಣದ ಗೆರೆ, ಹೊಸದಾಗಿ ನೆಟ್ಟ ಕಲ್ಲು, ಇನ್ನೂ ಕಬ್ಬಿನ ಕೂಳೆ ಚುಚ್ಚುವ ನೆಲ. ಎಂಜಿನಿಯರ್ ಅನ್ನೋ ಜಂಬ ಬೇರೆ. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಬ್ಬ ಗೌಡರು ತಮ್ಮ ಗದ್ದೆಯನ್ನು ಬಡಾವಣೆ ಮಾಡಿದರು. ಒಳ್ಳೆಯ ಮನುಷ್ಯ. ಆ ಬಯಲಿಗೆ ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗದ್ದೆಗೂ ಬಿಡುತ್ತಿದ್ದ ನೀರುಗಂಟಿ ಯಜಮಾನರೊಬ್ಬರಿದ್ದರು. 'ಜೀವಮಾನವೆಲ್ಲ ನಮ್ಮ ಗದ್ದೆಗೆ ನೀರು ಕಟ್ಟವ್ನೆ, ಅವನಿಗೂ ಒಂದು ಸೈಟಿರಲಿ' ಅಂತ ಗೌಡರು ನೈಋತ್ಯ ಮೂಲೆಯ ಮೂವತ್ತು ನಲವತ್ತರ ಸೈಟನ್ನು ಅವರ ಹೆಸರಿಗೆ ಬರೆದುಕೊಟ್ಟಿದ್ದರು. ಇಡೀ ಬಡಾವಣೆಯಲ್ಲಿ ತಗ್ಗಿನ ಜಾಗ ಅದು. ಯಾರೂ ಕೊಳ್ಳುತ್ತಿರಲಿಲ್ಲ ಅನ್ನೋದೂ ನಿಜ. ಆದರೂ ಕೊಟ್ಟರಲ್ಲ, ಎಷ್ಟು ಜನ ಕೊಡುತ್ತಾರೆ?

ಯಜಮಾನರು ದಿನಾ ಬಂದು ತಮ್ಮ ಸೈಟಿನಲ್ಲಿ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ಮನೆ ತೋರಿಸಿದರು. ಮುಂದೆ ಜಗಲಿ, ಆಮೇಲೆ ಹಜಾರ, ಒಂದು ರೂಮು, ಹಿಂದೆ ಅಡುಗೆಮನೆ. ಅಡುಗೆಮನೆಯ ಗೆರೆಯನ್ನು ಎರಡು ಸಲ ಒತ್ತಿ ಎಳೆದರು. 'ನಮ್ಮೆಂಗಸು ಮದ್ವೆಯಾಗಿ ಬಂದಾಗ್ಲಿಂದ ನಾಲೆ ಪಕ್ಕದ ಒಂದೇ ಕೋಣೇಲಿ ಒಲೆ ಉರಿಸ್ತಾವ್ಳೆ ಸ್ವಾಮಿ. ಮಲಗೋದೂ ಅಲ್ಲೇ, ಮೇಕೆ ಕಟ್ಟೋದೂ ಅಲ್ಲೇ. ಅವಳಿಗೊಂದು ಅಡ್ಗೆಮನೆ ಆಗ್ಬುಟ್ರೆ ನಂಗಿನ್ನೇನೂ ಬ್ಯಾಡ' ಅಂದರು. ಅವರ ಹೆಂಡತಿ ಆಚೆ ನಿಂತು, 'ಸುಮ್ಕಿರಿ, ಎಂಜಿನಿಯರಪ್ಪಂಗೆ ಇದೇ ಕೆಲ್ಸನಾ' ಅಂದರು. ಆದರೆ ಗೆರೆ ತುಳಿಯದ ಹಾಗೆ ಸುತ್ತಿಕೊಂಡು ಬಂದು ನನಗೆ ಮಜ್ಜಿಗೆ ಕೊಟ್ಟರು.

ಗಲಾಟೆ ಶುರುವಾಗಿದ್ದು ವಾಸ್ತುವಿನಿಂದ. ಸೈಟು ಕೊಳ್ಳಲು ಬಂದವರೆಲ್ಲ ಜೊತೆಗೊಬ್ಬ ವಾಸ್ತು ಹೇಳುವವರನ್ನು ಕರೆತರುತ್ತಿದ್ದರು. ನೀರು ಈಶಾನ್ಯಕ್ಕೆ ಹೋಗಬೇಕು, ನೈಋತ್ಯಕ್ಕೆ ಹೋದರೆ ಮನೆ ಏಳಿಗೆಯಾಗಲ್ಲ ಅಂತ ಅವರ ಮಾತು. ನಮ್ಮ ನೆಲವೋ ನೈಋತ್ಯಕ್ಕೇ ಇಳಿದಿತ್ತು. ಗೌಡರು ಬಂದು, 'ಸಾರ್, ಚರಂಡೀನ ಈಸಾನ್ಯಕ್ಕೆ ತಿರುಗಿಸ್ಕೊಡಿ, ಇಲ್ದಿದ್ರೆ ಸೈಟು ಓಗಾಕಿಲ್ಲ' ಅಂದರು. ನಾನು ಕೂಗಾಡಿಬಿಟ್ಟೆ. 'ನೀರಿಗೆ ಪಂಚಾಂಗ ಓದೋಕೆ ಬರಲ್ಲ ಗೌಡ್ರೆ, ಅದು ತಗ್ಗು ನೋಡ್ಕೊಂಡು ಹೋಗುತ್ತೆ' ಅಂದೆ. ಅವರು ಬೇಜಾರು ಮಾಡಿಕೊಳ್ಳದೆ ನಾಲ್ಕು ದಿನ ಬಿಟ್ಟು ಮತ್ತೆ ಬಂದರು, ಮತ್ತೂ ಬಂದರು.

ಕೊನೆಗೆ ದಾರಿ ಹುಡುಕಿದವನು ನಾನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೆಲ ಎತ್ತ ಇಳಿದರೇನು, ಚರಂಡಿಯ ತಳವನ್ನು ಈಶಾನ್ಯದ ಕಡೆಗೆ ಆಳವಾಗಿ ತೋಡುತ್ತಾ ಹೋದರಾಯಿತು. ಮೊದಲಲ್ಲಿ ಮೊಣಕಾಲುದ್ದ, ಕೊನೆಯಲ್ಲಿ ಎದೆಮಟ್ಟ. ಇನ್ನೂರು ಅಡಿಗೆ ಒಂದು ಅಡಿ ಇಳಿಜಾರಿರಬೇಕು ಅಂತ ನಾನು ಹಿಡಿದಿದ್ದ ಲೆಕ್ಕ. ಯಂತ್ರವಿಟ್ಟು ಅಳೆದೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಕೆಲಸ ಮುಗಿದ ದಿನ ನೀರುಗಂಟಿ ಯಜಮಾನರು ಚರಂಡಿಯುದ್ದಕ್ಕೂ ಒಂದು ಸಲ ನಡೆದು ಬಂದರು. ಈಶಾನ್ಯದ ಕೊನೆಯಲ್ಲಿ ನಿಂತು, 'ಸ್ವಾಮಿ, ಇಲ್ಲೀಗಂಟ ಬತ್ತದೆ ಸರಿ. ಇಲ್ಲಿಂದಾಚೆಗೆ ಎಲ್ಲಿಗೋಯ್ತದೆ?' ಅಂತ ಕೇಳಿದರು.

ರಸ್ತೆ ಕೆಳಗಿನ ಹಳೆಯ ಮೋರಿಗೆ ಸೇರುತ್ತದೆ ಅಂತ ನಕ್ಷೆಯಲ್ಲಿ ಬಾಣ ಹಾಕಿದ್ದೆ. ಆದರೆ ಆ ಮೋರಿ ನಮ್ಮ ಚರಂಡಿಯ ತಳಕ್ಕಿಂತ ಎಷ್ಟೋ ಮೇಲಿತ್ತು. ಅದು ನನಗೂ ಕಾಣುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕಂಡಿದ್ದಕ್ಕೇ ಕೋಪ ಬಂತು. 'ಮುಂದೆ ದೊಡ್ಡ ಚರಂಡಿ ಆಗುತ್ತೆ ಯಜಮಾನ್ರೆ, ಅದು ನಮ್ಮ ತಲೆನೋವು' ಅಂದೆ. ಅವರು ಬಿಡಲಿಲ್ಲ. 'ಅಲ್ಲೀಗಂಟ ನೀರು ನಿಲ್ತದೆ. ತುಂಬ್ಕೊಂಡು ಇಂದಕ್ಕೆ ತಿರುಗಿದ್ರೆ ನನ್ನ ಮೂಲೇಗೆ ಬತ್ತದೆ' ಅಂದರು. ನಾನು ನಿಯಮದ ಪುಸ್ತಕ ತೆಗೆದು ಇಳಿಜಾರಿನ ಪುಟ ತೋರಿಸಿದೆ. ಓದು ಬಾರದ ಮನುಷ್ಯನಿಗೆ ಪುಸ್ತಕ ತೋರಿಸಿದೆ. ಚರಂಡಿಯ ನೀರು ಕೊನೆಗೆ ಎಲ್ಲಿ ಸೇರುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು ಅನ್ನೋ ಮಾತು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು, ಅದನ್ನು ಮಗುಚಲಿಲ್ಲ. ಅವರು ಪುಟವನ್ನು ಒಂದು ಗಳಿಗೆ ನೋಡಿ, 'ಆಯ್ತು ಬುಡಿ ಸ್ವಾಮಿ' ಅಂದರು. ಚರಂಡಿ ಸರಿಯಾಗಿದೆ ಅಂತ ಆ ವಾರವೇ ಸಹಿ ಹಾಕಿದೆ.

ಅದಾದ ಮೇಲೆ ನನಗೆ ಮಳವಳ್ಳಿಗೆ ವರ್ಗವಾಯಿತು. ಎರಡು ಮಳೆಗಾಲ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ವರ್ಷ ಒಂದು ಬೆಳಿಗ್ಗೆ ಜೋರು ಮಳೆ. ಬಸ್ಸಿನಲ್ಲಿ ಮದ್ದೂರಿಗೆ ಹೋಗುತ್ತಿದ್ದವನು ತಡೆಯಲಾರದೆ ಆ ಬಡಾವಣೆಯ ಹತ್ತಿರ ಇಳಿದೆ. ಈಶಾನ್ಯದ ಮೂಲೆಯಲ್ಲಿ ಚರಂಡಿಯ ನೀರು ಸೊಂಟಮಟ್ಟ ಏರಿ, ಪಾಚಿ ಕದಡಿ ನಿಂತಿತ್ತು. ವಾಸ್ತು ನೋಡಿ ಮನೆ ಕಟ್ಟಿದವರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಯಜಮಾನರ ಮನೆ ಮುಳುಗಿರುತ್ತದೆ ಅಂದುಕೊಂಡೇ ನೈಋತ್ಯಕ್ಕೆ ಹೆಜ್ಜೆ ಹಾಕಿದೆ.

ಮುಳುಗಿರಲಿಲ್ಲ. ಯಜಮಾನರು ಗೋಣಿಚೀಲ ಹೊದ್ದು ಗುದ್ದಲಿ ಹಿಡಿದು ಚರಂಡಿಯ ಪಕ್ಕ ನಿಂತಿದ್ದರು. ನನ್ನನ್ನು ಕಂಡಿದ್ದೇ ಗಾಬರಿಯಾಗಿ ಗುದ್ದಲಿ ಕೆಳಗಿಟ್ಟರು. 'ತಪ್ಪಾಯ್ತು ಸ್ವಾಮಿ, ನಿಮ್ಮ ಚರಂಡಿ ಗ್ವಾಡೆ ಒಂದ್ಮೊಳ ಒಡೆದ್ಬುಟ್ಟಿವ್ನಿ. ಒಡೀದಿದ್ರೆ ನೀರು ಬೀದಿಗೆ ನುಗ್ಗೋದು. ಕೇಸು ಗೀಸು ಆಗ್ತದಾ?' ಅಂದರು. ಅಷ್ಟು ಹೊತ್ತೂ ನಾನೇ ಅವರ ಮುಖ ಹೇಗೆ ನೋಡಲಿ ಅಂತ ಹೆದರಿಕೊಂಡು ಬಂದಿದ್ದೆ. ಇಲ್ಲಿ ನೋಡಿದರೆ ಅವರು ನನಗೆ ಹೆದರುತ್ತಿದ್ದರು.

ಒಡೆದ ಜಾಗದಿಂದ ನೀರು ಅವರ ಸೈಟಿನೊಳಕ್ಕೇ ಹರಿಯುತ್ತಿತ್ತು. ಸೈಟಿನ ಅರ್ಧ ಜಾಗದಲ್ಲಿ ಮನೆಯೇ ಇರಲಿಲ್ಲ. ಎರಡು ಕಡೆ ಕಾಡುಕಲ್ಲು ಜೋಡಿಸಿದ ಅಚ್ಚುಕಟ್ಟಾದ ಕಾಲುವೆ ಇತ್ತು. ನೀರು ಅದರಲ್ಲಿ ಹರಿದು, ಸೈಟಿನ ಹಿಂದೆ, ಗದ್ದೆಯ ಹೆಚ್ಚಿನ ನೀರು ಹೋಗಲೆಂದು ಮೊದಲಿಂದಲೂ ಇದ್ದ ಬಸಿಗಾಲುವೆಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಉಳಿದರ್ಧದಲ್ಲಿ ಒಂದು ಹಜಾರ, ಒಂದು ಜಗಲಿ, ಅಷ್ಟೇ ಮನೆ. ಕಾಲುವೆಯ ಕಲ್ಲು ಹಳೆಯವು, ಮನೆಯ ಪಾಯದ ಜೊತೆಗೇ ಕೂರಿಸಿದ್ದವು. ಅಂದರೆ, ನಾನು ಸಹಿ ಹಾಕಿದ ದಿನವೇ ಅವರು ಕಡ್ಡಿಯಲ್ಲಿ ಗೀಚಿದ್ದ ಮನೆಯನ್ನು ಅರ್ಧ ಅಳಿಸಿದ್ದರು.

'ಯಾಕೆ ಯಜಮಾನ್ರೆ, ಇನ್ನೊಂದು ಸಲ ಬಂದು ಹೇಳಬಾರದಿತ್ತಾ?' ಅಂದೆ. ನನಗೇ ನಾಚಿಕೆಯಾಗುವಷ್ಟು ಮೆಲ್ಲಗೆ ಅಂದೆ.

'ಏಳಿದ್ನಲ್ಲ ಸ್ವಾಮಿ. ನೀವು ಪುಸ್ತಕ ತೋರಿಸಿದ್ರಿ.'

ಅದರಲ್ಲಿ ಕೊಂಕಿರಲಿಲ್ಲ. ಅವರ ಹೆಂಡತಿ ಜಗಲಿಯ ಮೂಲೆಯಲ್ಲಿ, ಇರಚಲು ಹೊಡೆಯದಂತೆ ಒಲೆಗೆ ತಗಡು ಅಡ್ಡ ಇಟ್ಟುಕೊಂಡು ಉಪ್ಸಾರು ಕಾಯಿಸುತ್ತಿದ್ದರು. ಮಾತಿಗೆ ಮುಲಾಜಿಲ್ಲದ ಹೆಂಗಸು. 'ಏನ್ ನೋಡ್ತೀಯಪ್ಪ, ಅಡ್ಗೆಮನೆ ಜಾಗ್ದಲ್ಲಿ ನಿನ್ನ ನೀರು ಓಯ್ತಾ ಅದೆ. ಕೂತ್ಕೋ, ಮುದ್ದೆ ಉಣ್ಣು' ಅಂದರು. ಕೂತು ಉಂಡೆ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಚರಂಡಿಯನ್ನು ಬೀದಿಯಲ್ಲೇ ಬಸಿಗಾಲುವೆಯ ಕಡೆಗೆ ತಿರುಗಿಸಬೇಕು, ತಪ್ಪು ನನ್ನದು ಅಂತ ಬರೆದುಕೊಟ್ಟೆ. ಮೇಜಿಂದ ಮೇಜಿಗೆ ಅಲೆದೆ, ಜಗಳವಾಡಿದೆ. ಹಿಂದಿನ ಸಹಿ ಸರಿಯಾಗಿಯೇ ಇದೆ, ಇಳಿಜಾರು ನಿಯಮದ ಪ್ರಕಾರವೇ ಇದೆ ಅಂತ ಕಡತ ಪ್ರತಿ ಸಲ ವಾಪಸು ಬಂತು. ನಾನು ರಿಟೈರ್ ಆದೆ. ಹೋದ ತಿಂಗಳು ಮಳೆ ಬಂದಾಗ ಹೋಗಿದ್ದೆ. ಯಜಮಾನರಿಗೆ ಗುದ್ದಲಿ ಎತ್ತುವ ಶಕ್ತಿ ಇಲ್ಲ, ಕಾಲುವೆಗೆ ಅಡ್ಡ ಬಂದ ಕಸವನ್ನು ಕೋಲಿನಲ್ಲಿ ತಳ್ಳುತ್ತಾ ಕೂತಿದ್ದರು. ಅವರ ಹೆಂಡತಿ ಜಗಲಿಯಲ್ಲೇ ಅಡುಗೆ ಮಾಡುತ್ತಿದ್ದರು.