ಎಡಿಟರಿಗೆ ಮೊದಲೇ ಗೊತ್ತಿದ್ದ ಕೆಲಸ

ಯಾರಾದರೂ ನನಗೆ ಕೆಲಸ ಹೇಳಿಕೊಡಲು ಬಂದರೆ ಮೈಯೆಲ್ಲ ಉರಿಯುತ್ತದೆ. ಮೂಡುಬಿದಿರೆಯ ಸಣ್ಣ ಮುದ್ರಣಾಲಯವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದವಳು ನಾನು. ತಪ್ಪು ತೋರಿಸಿದವರ ಹತ್ತಿರ ಎರಡೆರಡು ದಿನ ಮಾತು ಬಿಟ್ಟದ್ದೂ ಉಂಟು. ಅಂಥವಳು ಈಗ ಇಬ್ಬರು ಟೀಚರುಗಳನ್ನು ನೆನೆದು ಕೈಮುಗಿಯುತ್ತಿದ್ದೇನೆ.

ಮೊದಲನೆಯವರು ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು, ಜೈನರು. ತಾಯಿಯಿಂದ ಕಲಿತ ಅಡುಗೆಗಳನ್ನು ಅವರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮಣ್ಣಿನಡಿ ಬೆಳೆಯುವ ಯಾವ ಗೆಡ್ಡೆಯೂ ಇಲ್ಲ. ಆದರೂ ಓದಿದರೆ ಬಾಯಲ್ಲಿ ನೀರು. ಹಿಂದೊಮ್ಮೆ ನಾನೇ ಅದನ್ನು ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿಕೊಟ್ಟಿದ್ದೆ. ಆಮೇಲೆ ನೋಟುಬುಕ್ಕು ಗೆದ್ದಲಿನ ಪಾಲಾಯಿತು, ಉಳಿದದ್ದು ನನ್ನ ಫೈಲು ಮಾತ್ರ.

ಹೋದ ವರ್ಷ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಲು ಹೊರಟಾಗಲೇ ಅವರ ಕಣ್ಣು ಕೈಕೊಡಲು ಶುರುವಾಯಿತು. ನೋಡಿದಲ್ಲೆಲ್ಲ ನಡುವೆ ಒಂದು ಕಪ್ಪು ಕಲೆ. ನಿಧಾನ ಮಾಡಬಹುದು, ನಿಲ್ಲಿಸಲಿಕ್ಕಾಗದು ಎಂದು ಡಾಕ್ಟರು ಹೇಳಿದ್ದರು.

"ಅಚ್ಚಾಗುವ ಮೊದಲು ಒಮ್ಮೆ ನಾನೇ ಓದಬೇಕು. ಬೇರೆಯವರು ಓದಿ ಹೇಳಿದರೆ ನನಗೆ ಸಮಾಧಾನ ಇಲ್ಲ. ದೊಡ್ಡ ಅಕ್ಷರದಲ್ಲಿ ತೆಗೆದು ಕೊಡ್ತೀಯಾ?" ಎಂದು ಕೇಳಿದರು.

ಎರಡು ತಿಂಗಳು ಪ್ರತಿ ಶನಿವಾರ ಅವರ ಮನೆಯಲ್ಲಿ ಕುಳಿತು, ಆ ಹಳೆಯ ಫಾಂಟು ಇನ್ನೂ ಉಳಿದಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಅವರು ಹೇಳಿದ ತಿದ್ದುಪಡಿಗಳನ್ನೆಲ್ಲ ಸೇರಿಸಿದೆ. ಉಳಿದದ್ದು ಹಳೆಯ ಫಾಂಟನ್ನು ಈಗಿನ ಯೂನಿಕೋಡಿಗೆ ತರುವ ಕೆಲಸ. ಹಾಗೆ ಮಾಡದೆ ಮುದ್ರಣಾಲಯದ ಹೊಸ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ತೆರೆಯುತ್ತಲೇ ಇರಲಿಲ್ಲ. ನೂರಾರು ಅಕ್ಷರದ ತುಂಡುಗಳನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕು. ನಾನು ಟೈಪು ಮಾಡಲು, ತಿದ್ದಲು ಬಳಸುವ ಎಡಿಟರ್ ಎಂಬ ಸಾಫ್ಟ್‌ವೇರಿನ ಒಳಗೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಉಂಟು. ಅದರಲ್ಲಿ ನಾಲ್ಕಕ್ಷರ ಕಲಿತಿದ್ದೆನಲ್ಲ, ಯಾರನ್ನೂ ಕೇಳದೆ ಸ್ವಂತ ಸ್ಕ್ರಿಪ್ಟು ಬರೆದೆ. ಫೈಲನ್ನು ಅದೇ ಓದಬೇಕು, ಅದೇ ಬದಲಿಸಬೇಕು, ಹಳೆಯದರ ಮೇಲೆಯೇ ಬರೆದಿಡಬೇಕು. ಆತುರಗಾರನಿಗೆ ಬುದ್ಧಿ ಮಟ್ಟ. ಓಡಿಸಿ ನೋಡಿದರೆ ಪುಟದ ತುಂಬ ಅಕ್ಷರಗಳ ಚಿಂದಿ. ಹಿಂದೆ ತರುವ ಅನ್‌ಡೂ ಒತ್ತಿದೆ, ಏನೂ ಆಗಲಿಲ್ಲ. ಪೆನ್‌ಡ್ರೈವಿನಲ್ಲಿ ಇದ್ದದ್ದು ತಿದ್ದುಪಡಿಗೆ ಮೊದಲಿನ ಪ್ರತಿ. ಎಂಟು ಶನಿವಾರಗಳು ನೀರಿನಲ್ಲಿ ಹೋಮ.

ಟೀಚರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು, "ಹೋದದ್ದು ಹೋಯ್ತು ಮಾರಾಯ್ತಿ. ತಲೆಯಲ್ಲಿ ಎಲ್ಲ ಉಂಟು, ಇನ್ನೊಮ್ಮೆ ಹೇಳ್ತೇನೆ. ಬೇಗ ಮಾಡುವ ಆಯ್ತಾ," ಎಂದರು.

ಈ ಸಲ ದಿನಾ ಸಂಜೆ ಹೋದೆ. ಅವರು ಹೇಳುತ್ತಾ ಹೋದರು, ನಾನು ಪೆನ್‌ಡ್ರೈವಿನ ಪ್ರತಿಯಲ್ಲಿ ಅವಸರದಿಂದ ಟೈಪು ಮಾಡುತ್ತಾ ಹೋದೆ. ಎರಡೇ ವಾರದಲ್ಲಿ ಮುಗಿಯಿತು. ಆದರೆ ಪುನಃ ಆ ಸ್ಕ್ರಿಪ್ಟನ್ನು ಮುಟ್ಟಲು ಧೈರ್ಯ ಬರಲಿಲ್ಲ. ಕೈಯಿಂದಲೇ ಬದಲಿಸೋಣವೆಂದರೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಟೀಚರು ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನೂ ಓರೆಗಣ್ಣಿನಲ್ಲಿ ನೋಡತೊಡಗಿದ್ದರು.

ಕೊನೆಗೆ ಮಾನ ಮರ್ಯಾದೆ ಬಿಟ್ಟು ಲ್ಯಾಪ್‌ಟಾಪು ಹಿಡಿದುಕೊಂಡು ಬಸ್ಸು ಹತ್ತಿದೆ. ಬಿ.ಸಿ. ರೋಡಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಲ್ಲಡ್ಕಕ್ಕೆ. ಅಲ್ಲಿ ನನ್ನ ಕಾಲೇಜು ಗೆಳತಿ ಇದ್ದಾಳೆ, ಗಣಿತದ ಟೀಚರು, ಇಂಥ ಸ್ಕ್ರಿಪ್ಟುಗಳನ್ನು ಪದಬಂಧ ಬಿಡಿಸಿದಂತೆ ಖುಷಿಗೆ ಬರೆಯುವವಳು. ನನ್ನದನ್ನು ಓದಿ ಕನ್ನಡಕ ತೆಗೆದು ಕೆಳಗಿಟ್ಟಳು.

"ಹುಡುಕಿ ಬದಲಿಸುವ ಕಮಾಂಡು ಈ ಎಡಿಟರಿನಲ್ಲಿ ಉಂಟಲ್ಲ?"

"ಉಂಟು. ದಿನಾ ಒತ್ತುತ್ತೇನೆ."

"ಅದನ್ನೇ ಸ್ಕ್ರಿಪ್ಟಿನಿಂದ ಕರೀಲಿಕ್ಕೆ ಆಗ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೀ ನೋಡು. ಮದುವೆಮನೆಯಲ್ಲಿ ಅಡುಗೆಯವರು ಬಂದು ಕೂತಿರುವಾಗ ಮದುಮಗಳ ಅಮ್ಮ ಸೌಟು ಹಿಡೀತಾಳಾ?"

ಬೇರೆ ದಿನವಾಗಿದ್ದರೆ ಎದ್ದು ಬರುತ್ತಿದ್ದೆ. ಅಂದು ಬಾಯಿ ಮುಚ್ಚಿ ಕೇಳಿಸಿಕೊಂಡೆ. ಅವಳು ಬರೆದದ್ದು ಹತ್ತೇ ಸಾಲು. ಉದ್ದದ ತುಂಡುಗಳು ಮೊದಲು, ಗಿಡ್ಡವು ಆಮೇಲೆ ಬರುವಂತೆ ಒಂದು ಪಟ್ಟಿ. ಪಟ್ಟಿಯ ಪ್ರತಿ ಜೋಡಿಗೂ ಎಡಿಟರಿನದೇ ಕಮಾಂಡನ್ನು ಕರೆಯುವ ಒಂದು ಸಾಲು. ಎಲ್ಲ ಎಡಿಟರಿನ ಕೈಯಿಂದಲೇ ನಡೆದ ಕಾರಣ, ತಪ್ಪಿದರೆ ಅನ್‌ಡೂ ಒತ್ತಿ ಹಿಂದೆ ಬರಬಹುದು. ಮೊದಲ ಸಲ ತಪ್ಪಿಯೂ ತಪ್ಪಿತು. ಅವಳು ಅನ್‌ಡೂ ಒತ್ತಿದಳು, ಹಾಳಾದ ಪುಟ ಮೊದಲಿನಂತೆ ಎದ್ದು ನಿಂತಿತು. ನನಗೆ ಅಳು ಬಂತು. ಅವಳು ಚಹಾ ಮಾಡಲು ಒಳಗೆ ಹೋದಳು. ಆಮೇಲೆ ಪಟ್ಟಿ ತಿದ್ದಿ ಮತ್ತೆ ಓಡಿಸಿದೆವು, ಸಂಜೆಯ ಬಸ್ಸಿಗೆ ಮೊದಲು ಇಡೀ ಪುಸ್ತಕ ಕನ್ನಡವಾಗಿತ್ತು.

ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಹಾಳೆಗಳ ಕಟ್ಟನ್ನು ಮರುದಿನವೇ ಟೀಚರ ಮುಂದಿಟ್ಟೆ. ಬೆಳಕಿಗಾಗಿ ಅವರು ಜಗಲಿಯ ತುದಿಗೆ ಬಂದು ಕುಳಿತರು. ತಲೆಯನ್ನು ಒಂದು ಬದಿಗೆ ವಾಲಿಸಿ, ಸಾಲಿನಡಿ ಬೆರಳಿಟ್ಟು, ಒಂದೊಂದೇ ಪದ ಓದತೊಡಗಿದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಕುಂಬಳಕಾಯಿ ಪಲ್ಯದ ಹಾಳೆಯಲ್ಲಿ ಬೆರಳು ನಿಂತಿತು.

"ಇದೆಂಥದು, ಹಸಿ ಶುಂಠಿ? ನಮ್ಮಲ್ಲಿ ಹಾಕುವುದಿಲ್ಲ ಅಲ್ವಾ, ಅದು ಮಣ್ಣಿನಡಿಯದ್ದು."

ಅವರು ಹಸಿಮೆಣಸು ಎಂದಷ್ಟೇ ಹೇಳಿದ್ದರು, ಅವಸರದಲ್ಲಿ ಅದರ ಹಿಂದೆಯೇ ಹಸಿ ಶುಂಠಿಯನ್ನೂ ಟೈಪು ಮಾಡಿದ್ದು ನನ್ನ ಅಡುಗೆಮನೆಯ ಅಭ್ಯಾಸ. ಎರಡು ಸಲ ಪ್ರೂಫು ನೋಡಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಟೀಚರು ಕೈ ಚಾಚಿ ಪೆನ್ನು ಕೇಳಿದರು, ಶಾಲೆಯಲ್ಲಿ ಕೇಳುತ್ತಿದ್ದ ಹಾಗೆಯೇ. ಆ ಪದದ ಮೇಲೆ ಗೀಟು ಎಳೆದರು. ಗೀಟು ಸ್ವಲ್ಪ ಸೊಟ್ಟಗಾಯಿತು, ಆದರೆ ಬಿದ್ದದ್ದು ಸರಿಯಾಗಿ ಅದೇ ಪದದ ಮೇಲೆ. ತಪ್ಪು ಸಿಕ್ಕಿದ್ದಕ್ಕೆ ನಾನು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.