ಅರವತ್ತಪ್ಪನ ಅಂಗೈ

ಗಂಡ ತೀರಿಕೊಂಡ ಮೇಲೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕೆ ಸೇರಿದ ದಿನ, ಅಲ್ಲಿನ ಮೆಕ್ಯಾನಿಕ್ ನೀರು ಹಿಂಡುವ ದೊಡ್ಡ ಯಂತ್ರದ ಹೊಟ್ಟೆಗೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ, ಚೊಚ್ಚಲ ಬಸುರಿಯನ್ನು ನೋಡುವ ಸೂಲಗಿತ್ತಿಯ ಹಾಗೆ. ಯಂತ್ರದ ತಗಡಿನ ಮೇಲೆ ಮುನ್ನೂರು ಎಂದು ಕೊರೆದಿತ್ತು. ಅವನ ಇನ್ನೊಂದು ಕೈಯಲ್ಲಿದ್ದ ಪುಟ್ಟ ಮಾಪಕ ಐದು ಎನ್ನುತ್ತಿತ್ತು. ಅಂಕಿಗಳನ್ನಷ್ಟೇ ಓದಬಲ್ಲ ಅವಳಿಗೆ ಇದು ಸರಿಬರಲಿಲ್ಲ.

"ಇವೆರಡರಲ್ಲಿ ಸುಳ್ಳು ಹೇಳ್ತಿರೋದು ಯಾವುದಪ್ಪಾ?"

"ಎರಡೂ ನಿಜಾನೇ ಹೇಳ್ತಿವೆ ಅಮ್ಮ. ತಗಡಿಂದು ನಿಮಿಷದ ಲೆಕ್ಕ, ಇದು ಸೆಕೆಂಡಿನ ಲೆಕ್ಕ. ಸೆಕೆಂಡಿಗೆ ಐದು ಸುತ್ತು ಅಂದ್ರೆ ಐದು ಹರ್ಟ್ಜ್. ಅರವತ್ತರಿಂದ ಗುಣಿಸಿ, ಮುನ್ನೂರು ಬರುತ್ತೆ."

"ಇವನನ್ನ ಸುಮ್ನೆ ಅರವತ್ತಪ್ಪ ಅಂತ ಕರೀತೀವಾ?" ಎಂದು ಪಕ್ಕದಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ನಕ್ಕಳು. "ಹೆಂಡ್ತಿ ಬೈದ್ರೂ ನಿಮಿಷಕ್ಕೆಷ್ಟು ಅಂತ ಲೆಕ್ಕ ಹಾಕ್ತಾನೆ."

"ಅವಳದ್ದು ಹಾಕ್ಬಹುದು. ನಿಂದು ಹಾಕೋಕೆ ಹೋದ್ರೆ ಮಾಪಕಾನೇ ಸುಟ್ಟುಹೋಗುತ್ತೆ."

ವರ್ಷಗಳು ಉರುಳಿದವು. ಮಾಪಕ ಕೆಟ್ಟಿತು. ಹೊಸದನ್ನು ಯಾರೂ ಕೊಡಿಸಲಿಲ್ಲ. ಅವನ ಅಂಗೈಯೇ ಸಾಕೆಂದು ಎಲ್ಲರೂ ನಂಬಿದ್ದರು, ಅವನೂ ಸಹ. ಒಮ್ಮೆ ಅವನು ಅದುರಾಟದಿಂದಲೇ ಗುರುತಿಸಿ ಯಂತ್ರ ನಿಲ್ಲಿಸಿರದಿದ್ದರೆ, ಸವೆದ ಬೇರಿಂಗ್ ಮುರಿದು ಡ್ರಮ್ ಕಿತ್ತುಕೊಂಡು ಹೆಂಗಸರ ಮೇಲೆ ಬೀಳುತ್ತಿತ್ತು.

ಆಮೇಲೊಂದು ದಿನ, ಬೇರಿಂಗ್ ಹೋಗಿದೆಯೆಂದು ಯಂತ್ರ ಬಿಚ್ಚಿದ. ಏನೂ ಆಗಿರಲಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಬಿಚ್ಚಿದ. ಆಗಲೂ ಏನಿಲ್ಲ. ವಾರ್ಡುಗಳಿಗೆ ಬಟ್ಟೆ ತಡವಾಯಿತು. "ಇನ್ನೊಂದ್ಸಲ ಹೀಗೆ ನಿಲ್ಸಿದ್ರೆ ನೀವು ಮನೇಲೇ ಕೂತ್ಕೋಬಹುದು," ಎಂದು ಮೇಲ್ವಿಚಾರಕ ಎಲ್ಲರೆದುರೇ ಅಂದುಬಿಟ್ಟ.

ಮಹಡಿಯ ಮೇಲಿನ ಡಾಕ್ಟರನ್ನು ಕಂಡು ಬಂದವನು ಬೆಂಚಿನ ಮೇಲೆ ಕುಸಿದ. ತೊಡೆಯ ಮೇಲಿಟ್ಟ ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು.

"ನರದ್ದಂತೆ. ವಾಸಿಯಾಗಲ್ವಂತೆ. ನಡುಕ ಐದು ಹರ್ಟ್ಜ್ ಇದೆಯಂತೆ."

"ಐದೇ ತಾನೇ? ಕಮ್ಮೀನೇ ಬಿಡಿ," ಎಂದು ಇಸ್ತ್ರಿಯವಳು ಸಮಾಧಾನ ಹೇಳಿದಳು.

ಅಂದು ಸುಳ್ಳು ಯಾವುದೆಂದು ಕೇಳಿದ್ದವಳು ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಮನಸ್ಸಿನಲ್ಲೇ ಐದನ್ನು ಅರವತ್ತರಿಂದ ಗುಣಿಸಿದಳು. ಮುನ್ನೂರು. ಯಂತ್ರದ ವೇಗವೂ ಅದೇ. ಯಂತ್ರದ ಅದುರಾಟದೊಳಗೆ ಕೈಯ ನಡುಕ ಸೇರಿಹೋದರೆ, ಅದು ಯಾವುದು ಇದು ಯಾವುದು ಎಂದು ಬಿಡಿಸುವುದು ಹೇಗೆ? ಅವನ ಮುಖ ನೋಡಿದಳು. ಅವನು ಆ ಲೆಕ್ಕವನ್ನು ಆಗಲೇ ಮಾಡಿ ಮುಗಿಸಿದ್ದ.

ಮರುದಿನ ಯಂತ್ರ ತುಂಬಿದ ಹೊರೆಯೊಂದಿಗೆ ತಿರುಗುತ್ತಿತ್ತು. ಅವನು ಅಂಗೈಯಿಟ್ಟ, ತೆಗೆದ, ಮತ್ತೆ ಇಟ್ಟ. ನಿಲ್ಲಿಸಿದರೆ ಕೆಲಸ ಹೋಗುತ್ತದೆ. ನಿಲ್ಲಿಸದಿದ್ದರೆ, ಬೇರಿಂಗ್ ನಿಜಕ್ಕೂ ಹೋಗಿದ್ದರೆ? ಎದುರಿಗೇ ಹೆಂಗಸರು ಬಟ್ಟೆ ವಿಂಗಡಿಸುತ್ತಿದ್ದರು.

ಅವಳು ಒದ್ದೆ ಕೈ ಒರೆಸಿಕೊಂಡು ಬಂದಳು. ಯಾರೂ ಕರೆದಿರಲಿಲ್ಲ. ಅವನು ಸರಿದು ಜಾಗ ಬಿಟ್ಟ. ಇಷ್ಟು ವರ್ಷ ಮೈ ತಾಗಿಸಿ ದುಡಿದ ಯಂತ್ರ ಅದು; ತುಂಬ ಹೊತ್ತು ಅಂಗೈಯಿಟ್ಟು ನಿಂತಳು. ಎಂದಿನ ಅದುರಾಟವೇ ಇತ್ತು, ಒಂದಿಷ್ಟೂ ಹೆಚ್ಚಿರಲಿಲ್ಲ.

ಈ ಮಾತು ಅವನನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ತಿಳಿದೇ ಹೇಳಿದಳು: "ಯಂತ್ರ ಚೆನ್ನಾಗೇ ಇದೆಯಪ್ಪಾ."

ಅವನು ತಲೆಯಾಡಿಸಿದ. ಬಲಗೈಯನ್ನು ಜೇಬಿಗೆ ತುರುಕಿದ. ಮೇಲ್ವಿಚಾರಕನ ಕೋಣೆಯತ್ತ ಒಮ್ಮೆ ನೋಡಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದ:

"ಕೈ ಹೋಯ್ತು ಅಂತ ನಾನೇ ಹೋಗಿ ಹೇಳ್ಬಿಡ್ಲಾ ಅಮ್ಮ, ಇಲ್ಲಾ ಮನೇಲೇ ಕೂತ್ಕೊಳ್ಳಿ ಅಂತ ಅವರೇ ಹೇಳೋ ತನಕ ಕಾಯ್ಲಾ?"