ಮೇಷ್ಟ್ರು ಬದಲಿಸಿದ ಕೊನೆ

೧೯೬೩ರಲ್ಲಿ ನಾನು ಸಾಗರದ ಒಂದು ಸಣ್ಣ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದೆ. ಮರದ ಪೆಟ್ಟಿಗೆಯ ತುಂಬ ಪುಸ್ತಕ ತುಂಬಿ, ಬಸ್ಸಿನ ಮೇಲೆ ಹೇರಿಸಿ ಹಳ್ಳಿಯ ಶಾಲೆಗಳಿಗೆ ಮುಟ್ಟಿಸುವುದು, ತಿಂಗಳಾದ ಮೇಲೆ ಹೋಗಿ ಬೇರೆ ಪೆಟ್ಟಿಗೆ ಕೊಟ್ಟು ಹಳೆಯದನ್ನು ತರುವುದು ನನ್ನ ಕೆಲಸ. ಇದಕ್ಕೆ ನಾವು ‘ಬುಕ್ ಬಾಕ್ಸ್ ಸರ್ವಿಸ್’ ಎಂದು ದೊಡ್ಡ ಹೆಸರಿಟ್ಟಿದ್ದೆವು. ಹೆಚ್ಚಿನ ಪುಸ್ತಕಗಳು ಹೋದಷ್ಟೇ ಹೊಸದಾಗಿ ಹಿಂತಿರುಗುತ್ತಿದ್ದವು. ನಾನೇ ಆರಿಸಿ ಹಾಕಿದ್ದ ಒಂದು ಕಥಾಸಂಕಲನ ಮಾತ್ರ ರಟ್ಟು ಕಿತ್ತು, ಎಣ್ಣೆಯ ಕೈಗುರುತು ಮೆತ್ತಿಸಿಕೊಂಡು ಬರುತ್ತಿತ್ತು.

ಅದರಲ್ಲಿದ್ದದ್ದೆಲ್ಲ ನಡೆಯದ ಸಂಗತಿಗಳು. ಒಂದು ಕಥೆಯಲ್ಲಿ ರೈತನೊಬ್ಬ ಚಂದ್ರನ ಮೇಲೆ ಗದ್ದೆ ಮಾಡಲು ಹೋಗುತ್ತಾನೆ. ಮೊದಲ ಬೆಳೆ ಕೊಯ್ಯುವ ಹೊತ್ತಿಗೆ ಗೇಣಿ ಕೇಳಲು ಒಡೆಯರೂ ಅಲ್ಲಿ ಬಂದಿಳಿಯುತ್ತಾರೆ. ಹೊಸನಗರ ತಾಲೂಕಿನ, ಶರಾವತಿ ದಡದ ಒಂದು ಹಳ್ಳಿಯಲ್ಲಿ ಇದನ್ನು ಓದಿದಾಗ ಶಾಲೆಯ ಜಗಲಿಯಲ್ಲಿ ಕೂತವರು ನಕ್ಕೂ ನಕ್ಕೂ ಸುಸ್ತಾದರು. “ಅಲ್ಲೂ ಗೇಣಿ ಬಿಡ್ಲಿಲ್ವಾ ಮಾರಾಯ!” ಎಂದು ಒಬ್ಬ ಕೂಗಿದ. ನಮ್ಮ ಊರಿನ ಕಷ್ಟವನ್ನು ಬೇರೆ ಲೋಕದಲ್ಲಿಟ್ಟು ತೋರಿಸಿದರೆ ನಗಲೂ ಧೈರ್ಯ ಬರುತ್ತದೆ. ಆ ಪುಸ್ತಕದ ಸೆಳೆತವೇ ಅದು ಎಂದು ನನಗೆ ಅಂದು ಹೊಳೆಯಿತು.

ಓದುತ್ತಿದ್ದವರು ಅಲ್ಲಿನ ಶಾಲೆಯ ಶಿವಪ್ಪ ಮೇಷ್ಟ್ರು. ಓದು ಬಾರದವರೇ ಹೆಚ್ಚಿದ್ದ ಊರು. ಸಂಜೆ ಮೇಷ್ಟ್ರು ಓದಬೇಕು, ಉಳಿದವರು ಕೇಳಬೇಕು. ಶರಾವತಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಹಳ್ಳಿ ಮುಳುಗುವುದು ಆಗಲೇ ಖಚಿತವಾಗಿತ್ತು. ಜನ ಮನೆಯ ಹೆಂಚು ಇಳಿಸಿ, ತೊಲೆ, ಕಂಬ, ಬಾಗಿಲು ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ಹೊಸ ಜಾಗದಲ್ಲಿ ಅದೇ ಮರದಿಂದ ಮನೆ ಕಟ್ಟಿಕೊಳ್ಳಬೇಕಿತ್ತು.

ಸಂಕಲನದ ಕೊನೆಯ ಕಥೆಯೂ ಮುಳುಗುವ ಊರಿನದೇ. ನಾನಿದ್ದ ಸಂಜೆಯೇ ಮೇಷ್ಟ್ರು ಅದನ್ನು ಓದಿದರು. ಹೊಳೆಗೆ ಊರಿನ ಮೇಲೆ ಕರುಣೆ ಬಂದು, ತಾನೇ ಮಗ್ಗುಲು ಬದಲಿಸಿ ಬೇರೆ ದಾರಿ ಹಿಡಿಯಿತು ಎಂದು ಮುಗಿಸಿದರು. ಯಾರೂ ಏಳಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಸಣ್ಣಮ್ಮ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಪುಸ್ತಕದಲ್ಲಿ ಆ ಕೊನೆ ಇರಲಿಲ್ಲ. ಎಲ್ಲರೂ ಹೋದ ಮೇಲೆ ಮೇಷ್ಟ್ರನ್ನು ಕೇಳಿದೆ. “ಬರೆದ್ಹಾಗೆ ಓದಿದ್ರೆ ಇವ್ರ ಮುಖ ನೋಡಕ್ಕಾಗ್ತಿರ್ಲಿಲ್ಲ ಸಾರ್” ಎಂದರು. ಒಳ್ಳೆಯ ಮನುಷ್ಯ. ನಾನೂ ತಲೆಯಾಡಿಸಿದೆ.

ಮರುದಿನ ಸಣ್ಣಮ್ಮ, ಬಾಗಿಲು ಬಿಚ್ಚಲು ಬಂದ ಆಚಾರಿಯನ್ನು ವಾಪಸು ಕಳಿಸಿದರಂತೆ. ಹಲಸಿನ ಮರದ ಆ ಜೋಡಿ ಬಾಗಿಲನ್ನು ಅವರ ಗಂಡ ಮದುವೆಯ ವರ್ಷ ಮಾಡಿಸಿದ್ದು. ಮೇಷ್ಟ್ರು ಎಷ್ಟು ಹೇಳಿದರೂ “ಇನ್ನೊಂದ್ ವಾರ ನೋಡಾಣ” ಎನ್ನುತ್ತಲೇ ಬಂದರು. ಮುಂದಿನ ಮಳೆಗಾಲಕ್ಕೆ ನೀರು ಅಂದಾಜಿಗಿಂತ ಬೇಗ ಏರಿತು. ಪಾತ್ರೆ ಗಂಟಿನೊಂದಿಗೆ ಅವರನ್ನು ದೋಣಿಯಲ್ಲಿ ಕರೆತಂದರು. ಮನೆ ನಿಂತಲ್ಲೇ ಮುಳುಗಿತು.

ಮೇಷ್ಟ್ರು ಅಂದಿನಿಂದ ಯಾರಿಗೂ ಕಥೆ ಓದಲಿಲ್ಲ. ವರ್ಷ ಕಳೆದ ಮೇಲೆ ಗ್ರಂಥಾಲಯಕ್ಕೆ ಬಂದು ಆ ಪುಸ್ತಕ ಕೇಳಿದರು. ತೀರ್ಥಹಳ್ಳಿ ಕಡೆಯ ಗುಡ್ಡವೊಂದರಲ್ಲಿ ಸಣ್ಣಮ್ಮನಿಗೆ ಜಾಗ ಸಿಕ್ಕಿತ್ತು. “ತಪ್ಪು ಹೇಳ್ಬೇಕು ಸಾರ್. ಒಬ್ನೇ ಹೋಗಕ್ಕೆ ಕಾಲು ಬರಲ್ಲ” ಎಂದರು. ಅಂದು ನಾನು ತಲೆಯಾಡಿಸಿದ್ದು ನನಗೂ ನೆನಪಿತ್ತು, ಜೊತೆಗೆ ಹೋದೆ.

ಸೋಗೆಯ ಗುಡಿಸಲು, ಬಾಗಿಲಿನ ಜಾಗದಲ್ಲಿ ಬಿದಿರಿನ ತಟ್ಟಿ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಸಣ್ಣಮ್ಮ ಸಿಟ್ಟಾಗಲಿಲ್ಲ.

“ಕಥೆ ಸುಳ್ಳು ಅಂತ ನಂಗೆ ಗೊತ್ತಿರ್ಲಿಲ್ವಾ ಮೇಷ್ಟ್ರೇ? ಆದ್ರೂ ಕೇಳಿದ್ಮೇಲೆ ಬಾಗ್ಲು ಬಿಚ್ಚಕ್ಕೆ ಮನಸ್ಸು ಬರ್ಲಿಲ್ಲ. ಇರ್ಲಿ, ಬರ್ದಿದ್ದು ಏನಿತ್ತು? ಓದಿ, ಕೇಳಾಣ.”

ಮೇಷ್ಟ್ರು ಓದಿದರು. ಬರೆದ ಕಥೆಯಲ್ಲಿ ಹೊಳೆ ದಾರಿ ಬದಲಿಸುವುದಿಲ್ಲ. ಊರು ಮುಳುಗುತ್ತದೆ. ಜನ ತಮ್ಮ ಬಾಗಿಲುಗಳನ್ನು ಹೊತ್ತು ಗುಡ್ಡ ಹತ್ತುತ್ತಾರೆ. ಗೋಡೆ ಏಳುವ ಮುಂಚೆ ಬರೀ ಬಾಗಿಲು ನಿಲ್ಲಿಸುತ್ತಾರೆ. ಅದನ್ನು ತೆರೆದಾಗಲೆಲ್ಲ ಆಚೆ ಕಡೆ ಹಳೆಯ ಊರು ಕಾಣುತ್ತದೆ, ಹೊಳೆಯ ಸದ್ದು ಕೇಳುತ್ತದೆ.

ಸಣ್ಣಮ್ಮ ತಟ್ಟಿಯ ಕಡೆ ನೋಡಿ ಹೇಳಿದರು: “ಇದನ್ನೇ ಓದಿದ್ರೆ ಬಾಗ್ಲಾದ್ರೂ ಹೊತ್ಕೊಂಡ್ ಬರ್ತಿದ್ದೆ.”

ಮೇಷ್ಟ್ರು ಪುಸ್ತಕ ಮುಚ್ಚಿದರು. ಸಣ್ಣಮ್ಮ ಕೊಟ್ಟ ಕಾಫಿ ನಮ್ಮಿಬ್ಬರ ಮುಂದೆ ಆರಿಹೋಯಿತು.

ಮುಂದೆ ನಿವೃತ್ತಿಯವರೆಗೂ ಪುಸ್ತಕ ಕೊಡುವುದೇ ನನ್ನ ಕೆಲಸವಾಯಿತು. ದುಃಖದಲ್ಲಿರುವವರು ಬಂದಾಗ, ಅವರು ಯಾವುದನ್ನು ತಡೆದುಕೊಂಡಾರು, ಯಾವುದನ್ನು ತಡೆದುಕೊಳ್ಳಲಾರರು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಕೇಳಿದ ಪುಸ್ತಕವನ್ನು ಇದ್ದ ಹಾಗೇ ಕೊಟ್ಟೆ. ಅವರ ಕೈಗೆ ಅದನ್ನು ಇಡುವಾಗಲೆಲ್ಲ ಆ ತಟ್ಟಿ ನೆನಪಾಗುತ್ತಿತ್ತು.